ಗಂಜಾಮಿನ ದೊಡ್ಡಸ್ವಾಮಿ

ಮೈಸೂರಿನ ಕಡೆಗೆ ಹೋಗುವ ರೈಲಿನಲ್ಲಿ ಮದ್ದೂರು, ಮಂಡ್ಯಗಳನ್ನು ದಾಟಿದರೆ ಶ್ರೀರಂಗಪಟ್ಟಣ ಸಿಕ್ಕುತ್ತದೆ. ಒಂದು ದೃಷ್ಟಿಯಿಂದ ಅದು ಸಮಾಧಿಗಳ ಊರು. ಹೈದರನೂ ಟಿಪ್ಪುವೂ ಗುಂಬಜಿನಲ್ಲಿ ಮಲಗಿದ್ದಾರೆ. ಆಂಗ್ಲ ದಂಡಿನವರ ಗೋರಿಗಳೂ ಅದೇ ಮಣ್ಣಿನಲ್ಲಿವೆ. ಗೆದ್ದವರಿಗೂ ಸೋತವರಿಗೂ ಕೊನೆ ಒಂದೇ ಎಂದ ಮೇಲೆ ಮನುಷ್ಯನ ಬಾಳಿಗೆ ಗುರಿಯೆಂಬುದು ಯಾವುದು? ಹಿಡಿದ ಗುರಿ ಕೈಗೂಡದಿದ್ದರೆ ಆ ಬಾಳು ವ್ಯರ್ಥವೆನ್ನಬಹುದೇ? ಅದೇ ದ್ವೀಪದ ಗಂಜಾಮಿನಲ್ಲಿ ಸೇವೆ ಸಲ್ಲಿಸಿದ ಕ್ರೈಸ್ತ ಗುರು ಅಬ್ಬೆ ದುಬಾಯ್ ಅವರ ಚರಿತ್ರೆಯನ್ನು ಓದಿದವರಿಗೆ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ.

ದುಬಾಯ್ ಅವರು 1765ರ ಸುಮಾರಿನಲ್ಲಿ ದಕ್ಷಿಣ ಫ್ರಾನ್ಸಿನ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಅವರ ನಾಡಿನಲ್ಲಿ ಆಗ ಮಹಾಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿತ್ತು. ಪಾದ್ರಿಗಳ ಪ್ರಾಣಕ್ಕೆ ಬೆಲೆಯಿರಲಿಲ್ಲ. ಅದೇ ವರ್ಷ ಅವರು ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಕ್ರಿಸ್ತನ ಸುವಾರ್ತೆಯನ್ನು ಈ ದೇಶದ ಜನಕ್ಕೆ ಮುಟ್ಟಿಸಬೇಕೆಂಬುದೇ ಆ ತರುಣನ ಜೀವನದ ಏಕೈಕ ಗುರಿಯಾಗಿತ್ತು. ಅದಕ್ಕಾಗಿ ಅವರು ಇಲ್ಲಿನ ಉಡುಪನ್ನು ತೊಟ್ಟರು, ಇಲ್ಲಿನ ಊಟವನ್ನು ಉಂಡರು, ಇಲ್ಲಿನವರ ನಡೆನುಡಿಗಳನ್ನು ಅಭ್ಯಾಸಮಾಡಿದರು. ಜನ ಅವರನ್ನು ದೊಡ್ಡಸ್ವಾಮಿಯೆಂದು ಕರೆದರು.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಪಟ್ಟಣಕ್ಕೆ ಸಾಗಿಸಿದ್ದನು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಅಳಿದುಳಿದ ಆ ಸಮುದಾಯವನ್ನು ಮತ್ತೆ ಒಟ್ಟುಗೂಡಿಸುವ ಹೊಣೆ ದುಬಾಯ್ ಅವರ ಹೆಗಲಿಗೆ ಬಂದಿತು. ಅವರು ಗಂಜಾಮಿನಲ್ಲಿ ಕಟ್ಟಿಸಿದ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಯುದ್ಧದಿಂದ ನೆಲೆತಪ್ಪಿದ ಬಡವರಿಗಾಗಿ ಹಾಸನ ಸೀಮೆಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಏರ್ಪಡಿಸಿದರು.

ಯುದ್ಧ ನಿಂತರೂ ಸಾವು ನಿಲ್ಲಲಿಲ್ಲ. ಸಿಡುಬು ಊರೂರನ್ನೇ ಬರಿದುಮಾಡುತ್ತಿದ್ದ ಕಾಲವದು. ಅಮ್ಮ ಬಂದಳೆಂದು ಮನೆಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಿಗೆ ಹರಕೆ ಹೊತ್ತು ಕೈಮುಗಿಯುವುದಲ್ಲದೆ ಜನಕ್ಕೆ ಬೇರೆ ದಾರಿಯಿರಲಿಲ್ಲ. ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಪರೀಕ್ಷಿಸಿದ ಹಸುವಿನ ಸಿಡುಬಿನ ದಾಕು 1802ರಲ್ಲಿ ಮುಂಬಯಿಗೆ ಬಂದಿತು. ಆಗ ಅದನ್ನು ಒಬ್ಬರ ತೋಳಿನ ಬೊಕ್ಕೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಯಾರ ಮೈಯ ರಸವೋ, ಯಾವ ಜಾತಿಯವರದೋ ಎಂದು ಜನ ಹಿಂಜರಿಯುವುದು ಸಹಜವಲ್ಲವೇ? ದುಬಾಯ್ ಅವರು ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಟೊಂಕ ಕಟ್ಟಿ ನಿಂತರು. 1803-04ರಲ್ಲಿ ಅವರ ಪ್ರಯತ್ನದಿಂದ ದಾಕು ಹಾಕಿಸಿಕೊಂಡವರ ಸಂಖ್ಯೆ 25,000ಕ್ಕೂ ಮಿಗಿಲು.

ಅವರ ಹೆಸರು ಲೋಕಕ್ಕೆ ತಿಳಿದದ್ದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗವು ಕೂರ್ದೂ ಎಂಬ ಹಿಂದಿನ ಪಾದ್ರಿಯ ಬರಹದಿಂದ ಬಂದದ್ದೆಂದು ಇಪ್ಪತ್ತನೆಯ ಶತಮಾನದಲ್ಲಿ ಸಿಲ್ವಿಯಾ ಮೂರ್ ಎಂಬ ವಿದುಷಿ ತೋರಿಸಿದ್ದಾರೆ. ನಮ್ಮವರನ್ನು ಕುರಿತು ಅದರಲ್ಲಿರುವ ಕಟುವಾದ ಮಾತುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಕೀರ್ತಿಯೆಂಬುದು ಎಷ್ಟು ಅಸ್ಥಿರವೆಂಬುದಕ್ಕೆ ಈ ಗ್ರಂಥವೇ ಸಾಕ್ಷಿ.

1823ರಲ್ಲಿ ದುಬಾಯ್ ಅವರು ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ತಮ್ಮ ಬಾಳಿನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಿದ್ದಾರೆ. ಇಪ್ಪತ್ತೈದು ವರ್ಷ ದುಡಿದರೂ ತಾವು ಹೊಸದಾಗಿ ಮತಕ್ಕೆ ಸೇರಿಸಿಕೊಂಡವರು ಇನ್ನೂರು ಮುನ್ನೂರರೊಳಗೆ, ಹಿಂದೂಗಳ ಮತಾಂತರ ಆಗದ ಮಾತು ಎಂಬುದೇ ಅದರ ಸಾರಾಂಶ. ಪಾದ್ರಿಯೊಬ್ಬನು ಹೀಗೆ ಬರೆಯುವುದಕ್ಕೆ ಎಂಥ ಎದೆಗಾರಿಕೆ ಬೇಕು! ಇಷ್ಟಾದರೂ ಅವರು ವಿಶ್ವಾಸವನ್ನು ಕಳೆದುಕೊಳ್ಳಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಘದ ಸೇವೆಯನ್ನು ಮುಂದುವರಿಸಿ, ಅದರ ಮುಖ್ಯಸ್ಥರೂ ಆಗಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು. ಕೆಲವೇ ದಿನಗಳಲ್ಲಿ ಪ್ಯಾರಿಸಿನಲ್ಲಿ ಇನ್ನೊಂದು ಕ್ರಾಂತಿ ಸಿಡಿಯಿತು.

ಈಗ ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಅವರು ಯಾವುದಕ್ಕಾಗಿ ಬಂದರೋ ಅದರಲ್ಲಿ ಮುನ್ನೂರು; ಬಂದ ಮೇಲೆ ಎದುರಾದ ಕೆಲಸದಲ್ಲಿ ಇಪ್ಪತ್ತೈದು ಸಾವಿರ. ಮೊದಲನೆಯದನ್ನು ಅವರೇ ಸೋಲೆಂದರು. ಆದರೆ ಎರಡನೆಯದನ್ನು ಅವರಿಂದ ಮಾಡಿಸಿದ್ದು ಯಾವುದು? ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆಯೇ ಎಂದು ನನಗೆ ತೋರುತ್ತದೆ. ಭಾರತವು 1975ರಲ್ಲಿ ಸಿಡುಬಿನಿಂದ ಮುಕ್ತವಾಯಿತು, 1980ರಲ್ಲಿ ಜಗತ್ತೇ ಮುಕ್ತವಾದುದನ್ನು ಸಾರಲಾಯಿತು. ಆ ದೀರ್ಘ ಕಾರ್ಯದ ಆರಂಭದಲ್ಲಿ ಈ ದೊಡ್ಡಸ್ವಾಮಿಯ ಕೈಯೂ ಇತ್ತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ. ಆದ ಮೇಲೆ ಮುಂದೇನು ಎಂದು ಊರಿನ ಹಿರಿಯರು ಕೇಳುತ್ತಾರೆ. ಮಳವಳ್ಳಿ, ಮದ್ದೂರಿನ ಹಳ್ಳಿಗಳಿಂದ ಬರುವ ನನ್ನ ಸಹಪಾಠಿಗಳದೂ ಇದೇ ಕಥೆ. ಬಯಸಿದ ಹುದ್ದೆ ಎಲ್ಲರಿಗೂ ದೊರೆಯಲಾರದು. ದುಬಾಯ್ ಅವರ ಮತ ನನ್ನದಲ್ಲ. ಆದರೂ ಅವರ ಬಾಳಿನಿಂದ ನಾನು ಕಲಿತದ್ದಿಷ್ಟು: ಗುರಿ ಕೈಗೂಡುವುದು ನಮ್ಮ ಅಧೀನದಲ್ಲಿಲ್ಲ, ಆಯುಸ್ಸೂ ನಮ್ಮ ಅಧೀನದಲ್ಲಿಲ್ಲ. ಎದುರಿಗೆ ಬಂದವರ ಕಷ್ಟಕ್ಕೆ ಕೈ ನೀಡುವುದೊಂದು ಮಾತ್ರ ನಮ್ಮ ಅಧೀನದಲ್ಲಿದೆ. ಅಷ್ಟನ್ನು ಮಾಡಿದವನ ಬಾಳು ವ್ಯರ್ಥವಾಗದು.