ದಾನಚಿಂತಾಮಣಿ ಅತ್ತಿಮಬ್ಬೆ

ಸರಸ್ವತೀ ಪೂಜೆಯಂದು ಗ್ರಂಥಗಳನ್ನು ಪೀಠದ ಮೇಲಿರಿಸಿ ಅರ್ಚಿಸುವ ನಾವು, ಗ್ರಂಥದಾನವನ್ನೇ ಬಾಳಿನ ವ್ರತವನ್ನಾಗಿ ಸ್ವೀಕರಿಸಿದ ಒಬ್ಬ ಮಹಾಸಾಧ್ವಿಯನ್ನು ಈ ನವರಾತ್ರಿಯ ಪುಣ್ಯಕಾಲದಲ್ಲಿ ಸ್ಮರಿಸುವುದು ಉಚಿತವಾಗಿದೆ. ಆಕೆಯೇ ದಾನಚಿಂತಾಮಣಿಯೆಂದು ಖ್ಯಾತಳಾದ ಅತ್ತಿಮಬ್ಬೆ.

ಹತ್ತನೆಯ ಶತಮಾನದ ಉತ್ತರಾರ್ಧ. ಕ್ರಿ. ಶ. 973ರಲ್ಲಿ ರಾಷ್ಟ್ರಕೂಟರ ಪ್ರಭುತ್ವವು ಕೊನೆಗೊಂಡು, ಚಾಲುಕ್ಯ ತೈಲಪನು ರಾಜ್ಯವನ್ನು ಕೈಗೊಂಡಿದ್ದನು. ಅತ್ತಿಮಬ್ಬೆ ಮಲ್ಲಪಯ್ಯನೆಂಬ ದಂಡನಾಯಕನ ಮಗಳು. ತೈಲಪನ ಮಂತ್ರಿಯಾದ ಧಲ್ಲಪನ ಸೊಸೆ. ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಧಲ್ಲಪನ ಮಗನಾದ ವೀರ ನಾಗದೇವನಿಗೆ ವಿವಾಹ ಮಾಡಿಕೊಡಲಾಗಿತ್ತು. ಐಶ್ವರ್ಯಕ್ಕೆ ಕೊರತೆಯಿರಲಿಲ್ಲ, ಗೌರವಕ್ಕೂ ಕೊರತೆಯಿರಲಿಲ್ಲ.

ಆದರೆ ವಿಧಿಯು ಬೇರೆಯೇ ಆಗಿತ್ತು. ನಾಗದೇವನು ಅಕಾಲದಲ್ಲಿ ಮಡಿದನು. ಗುಂಡಮಬ್ಬೆ ಪತಿಯೊಡನೆ ಚಿತೆಯನ್ನೇರಿದಳು. ಅತ್ತಿಮಬ್ಬೆಗೆ ಚಿಕ್ಕ ವಯಸ್ಸಿನ ಮಗನಿದ್ದನು, ಅಣ್ಣಿಗದೇವ. ಪತಿಯನ್ನೂ ಒಡಹುಟ್ಟಿದವಳನ್ನೂ ಒಮ್ಮೆಗೇ ಕಳೆದುಕೊಂಡ ಆಕೆ, ಮಗನಿಗಾಗಿಯೂ ಧರ್ಮಕ್ಕಾಗಿಯೂ ಬದುಕುಳಿದಳು. ಸಾಯುವುದಕ್ಕೆ ಒಂದು ಗಳಿಗೆಯ ಧೈರ್ಯ ಸಾಕು. ದುಃಖವನ್ನು ಹೊತ್ತು ಪರರಿಗಾಗಿ ಬಾಳುವುದಕ್ಕೆ ಪ್ರತಿದಿನವೂ ಧೈರ್ಯ ಬೇಕು.

ಜೈನಧರ್ಮವು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆಯ ದಾನಗಳನ್ನು ಹೇಳುತ್ತದೆ. ಹಸಿವನ್ನು ಅನ್ನವು ಒಂದು ಹೊತ್ತು ನೀಗಿಸುತ್ತದೆ. ಶಾಸ್ತ್ರದಾನವು ತಲೆಮಾರುಗಳ ಅಜ್ಞಾನವನ್ನು ನೀಗಿಸುತ್ತದೆ. ಮಲ್ಲಪಯ್ಯ ಮತ್ತು ಆತನ ಸೋದರ ಪೊನ್ನಮಯ್ಯ, ಮಹಾಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದೊಂದು ಗರಿಯನ್ನೂ ಲಿಪಿಕಾರರು ಕಂಠದಿಂದ ಕೊರೆದು ಬರೆಯಬೇಕಾಗಿತ್ತು. ಅತ್ತಿಮಬ್ಬೆ ಆ ಕಾವ್ಯದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದೂ ಪ್ರತೀತಿಯಿದೆ. ಬಳೆಗಾರರ ಕುಲದಲ್ಲಿ ಜನಿಸಿದ ರನ್ನನಿಗೆ ಆಶ್ರಯವಿತ್ತವಳೂ ಆಕೆಯೇ. 993ರಲ್ಲಿ ರಚಿತವಾದ ಅಜಿತಪುರಾಣವು ಆಕೆಯ ಪ್ರೇರಣೆಯ ಫಲ. ಪಾತ್ರತೆಯನ್ನು ಕುಲದಿಂದ ಅಳೆಯದೆ ಗುಣದಿಂದ ಅಳೆಯುವುದೂ ದಾನಧರ್ಮದ ಅಂಗವಷ್ಟೆ.

ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. 1007ರ ಶಾಸನವು ಆಕೆಯ ಸುಕೃತವನ್ನು ಸಾರುತ್ತಿದೆ. ಆಕೆಯ ಭಕ್ತಿಯ ಮಹಿಮೆಯಿಂದ ಉಕ್ಕಿದ ಗೋದಾವರಿಯೂ ತಗ್ಗಿ ದಾರಿಯಿತ್ತಿತೆಂದು ಐತಿಹ್ಯವಿದೆ. ಈ ಪವಾಡವನ್ನು ನಂಬುವವರು ನಂಬಲಿ. ಶೋಕದ ಪ್ರವಾಹವನ್ನೇ ಪರೋಪಕಾರದ ಕಾಲುವೆಯಾಗಿ ಹರಿಯಿಸಿದ್ದು ಮಾತ್ರ ಎಲ್ಲರೂ ಒಪ್ಪಬೇಕಾದ ಪವಾಡ.

ಸದ್ಗುಣದ ಸ್ವರೂಪವು ಇಲ್ಲಿ ಸ್ಪಷ್ಟವಾಗುತ್ತದೆ. ಸುಖದಲ್ಲಿ ಕೊಡುವುದು ಸುಲಭ; ತಾನೇ ಬರಿದಾದೆನೆಂಬ ಹೊತ್ತಿನಲ್ಲಿಯೂ ಕೊಡಬಲ್ಲವನೇ ಧರ್ಮಿಷ್ಠ. ಆಕೆಯ ಕಾಲದ ಸಿಂಹಾಸನಗಳು ಮಣ್ಣುಗೂಡಿದುವು. ಆಕೆ ಪ್ರತಿಮಾಡಿಸಿದ ಕಾವ್ಯವು ಉಳಿದಿದೆ. ತಾಯ್ನಾಡಿನಿಂದ ದೂರವಿದ್ದು, ಮಹಾನಗರದ ಕಿರಿದಾದ ಮನೆಗಳಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬರುತ್ತಿರುವ ನಾವು, ಈ ದಸರೆಯಲ್ಲಿ ಒಂದಾದರೂ ಕನ್ನಡ ಪುಸ್ತಕವನ್ನು ಮಕ್ಕಳ ಕೈಗಿತ್ತರೆ, ಆ ಮಹಾತಾಯಿಗೆ ಅದೇ ನಿಜವಾದ ಪೂಜೆ.