ನನ್ನ ಅವಳಿಗಳು ಮತ್ತು ಡಾ. ಇಯಾನ್ ಡೊನಾಲ್ಡ್

ನಾನು ಭೋರ್‌ನ ಅತ್ತೆ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದ ದಿನಗಳವು. ಹೊಟ್ಟೆಯಲ್ಲಿ ತದ್ರೂಪಿ ಅವಳಿ. ನೀರಿನ ಚೀಲ ಎರಡು, ಮಾಸು ಒಂದೇ. 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಕಾಪೂರ್‌ಹೋಳ್ ದಾರಿಯಾಗಿ ಪುಣೆಗೆ ಹೋಗಿ ಸ್ಕ್ಯಾನ್ ಮಾಡಿಸಬೇಕಿತ್ತು. ಇಷ್ಟೊಂದು ಸ್ಕ್ಯಾನ್ ಯಾಕೆಂದು ಅತ್ತೆಯವರಿಗೆ ಚಿಂತೆ. ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಎಂಟೆಕ್ ಮಾಡಿದ ನನಗೋ, ಈ ಯಂತ್ರವನ್ನು ಹೆರಿಗೆ ವಾರ್ಡಿಗೆ ತಂದವರು ಯಾರೆಂಬ ಕುತೂಹಲ. ಹುಡುಕಿದಾಗ ಸಿಕ್ಕವರು ಡಾ. ಇಯಾನ್ ಡೊನಾಲ್ಡ್.

ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಬೆಳೆದದ್ದು ಭಾಗಶಃ ದಕ್ಷಿಣ ಆಫ್ರಿಕಾದಲ್ಲಿ, ವೈದ್ಯರಾದದ್ದು ಲಂಡನ್ನಿನಲ್ಲಿ. ಯುದ್ಧಕಾಲದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ ಉರಿಯುತ್ತಿದ್ದ ವಿಮಾನದಿಂದ ಯೋಧರನ್ನು ಹೊರಗೆಳೆದು ಪದಕ ಪಡೆದರು. ರಾಡಾರ್, ಸೋನಾರ್‌ಗಳ ಹುಚ್ಚು ಹಿಡಿದದ್ದೂ ಅಲ್ಲಿಯೇ. 1954ರಲ್ಲಿ ಗ್ಲಾಸ್ಗೋದಲ್ಲಿ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾದರು.

ಮುಂದಿನ ವರ್ಷ ಜುಲೈಯಲ್ಲಿ ಅವರು ಮಾಡಿದ ಕೆಲಸ ಓದಿ ನನಗೆ ನಗು ತಡೆಯಲಾಗಲಿಲ್ಲ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದರು! ಲೋಹದಲ್ಲಿ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರ ಅಲ್ಲಿತ್ತು. ನೀರು ತುಂಬಿದ ಗಡ್ಡೆ ಒಂದು ಬಗೆಯ ಪ್ರತಿಧ್ವನಿ ಕೊಟ್ಟಿತು, ಗಟ್ಟಿ ಗಡ್ಡೆ ಇನ್ನೊಂದು ಬಗೆಯದು. ಆಮೇಲೆ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರ್ ಕೈಜೋಡಿಸಿದ. ಎಂಜಿನಿಯರುಗಳ ಹೆಸರು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಯ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಿಗೆ ಇದ್ದದ್ದು ಅಂಡಾಶಯದ ನೀರುಗಡ್ಡೆ ಎಂದು ಯಂತ್ರ ತೋರಿಸಿತು. ಆಪರೇಷನ್ ಆಗಿ ಆಕೆ ಬದುಕಿಕೊಂಡಳು. 1958ರಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್ ಮತ್ತು ಬ್ರೌನ್ ಬರೆದ ಲೇಖನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸ್ಕ್ಯಾನಿಗೆ ಮೊದಲು ನೀರು ಕುಡಿಸಿ ಕೂರಿಸುತ್ತಾರಲ್ಲ, ಮೂತ್ರಕೋಶ ತುಂಬಿದ್ದರೆ ಎಳೆಗರ್ಭ ಚೆನ್ನಾಗಿ ಕಾಣುತ್ತದೆಂದು ಕಂಡುಕೊಂಡವರೂ ಇವರೇ. ಆ ಅವಸ್ಥೆಗೆ ಯಾರನ್ನು ಬೈಯಬೇಕೆಂದು ಈಗ ಗೊತ್ತಾಯಿತು!

20ನೇ ವಾರದಲ್ಲಿ ನನ್ನ ಒಂದು ಮಗುವಿನ ಚೀಲದಲ್ಲಿ ನೀರು ಕಡಿಮೆ ಕಂಡಿತು. ಮಾಸು ಒಂದೇ ಆದಾಗ ಮಕ್ಕಳ ರಕ್ತನಾಳಗಳು ಅದರೊಳಗೆ ಕೂಡಿಕೊಂಡಿರುತ್ತವೆ. ನೂರರಲ್ಲಿ ಹತ್ತು ಹದಿನೈದು ಇಂಥ ಬಸಿರುಗಳಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುತ್ತದೆ. ಕೊಟ್ಟ ಮಗುವಿನ ನೀರು 2 ಸೆಂ.ಮೀ. ಆಳಕ್ಕಿಂತ ಕಡಿಮೆಯಾಗುತ್ತದೆ, ಪಡೆದದ್ದರ ನೀರು 8 ದಾಟುತ್ತದೆ. ತಡಮಾಡಿದರೆ ಇಬ್ಬರಿಗೂ ಅಪಾಯ. ಆ ನಾಳಗಳನ್ನು ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಈಗ ಇದೆ, ಆದರೆ ಸ್ಕ್ಯಾನಿನಲ್ಲಿ ಸಮಯಕ್ಕೆ ಸರಿಯಾಗಿ ಕಾಣಬೇಕು. ಡಾಕ್ಟರು ಚಿಕ್ಕ ಮಗುವಿನ ಮೂತ್ರಕೋಶ ತುಂಬಿದೆಯೇ ಎಂದು ಹುಡುಕುತ್ತಿದ್ದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಕಪ್ಪು ಚುಕ್ಕೆಯೊಂದು ಕಂಡಿತು. ಅದೇ ಮೂತ್ರಕೋಶ, ತುಂಬಿತ್ತು. ನೀರು 3 ಸೆಂ.ಮೀ. ಇತ್ತು. ಅಲ್ಲಿಂದ ಪ್ರತಿ ವಾರ ಸ್ಕ್ಯಾನ್. ಅತ್ತೆಯವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಡಬ್ಬಿ ಕಟ್ಟಿಕೊಂಡು ಜೊತೆಗೇ ಬರತೊಡಗಿದರು.

ಡೊನಾಲ್ಡ್ ಅವರಿಗೆ ನಾಲ್ವರು ಹೆಣ್ಣುಮಕ್ಕಳು. ಅವರ ಹೃದಯಕ್ಕೇ ಮೂರು ಸಲ ದೊಡ್ಡ ಆಪರೇಷನ್ ಆಯಿತು, ಆದರೂ ಕೆಲಸ ಬಿಡಲಿಲ್ಲ. 1987ರಲ್ಲಿ ತೀರಿಕೊಂಡರು. ನನ್ನ ಮಕ್ಕಳು 36ನೇ ವಾರಕ್ಕೆ ಬಂದರು; ಚಿಕ್ಕದ್ದು 1.9 ಕೆ.ಜಿ., ಅಳು ಮಾತ್ರ ದೊಡ್ಡದರದ್ದಕ್ಕಿಂತ ಜೋರು.