ಡೆಕ್ಸ್‌ಟ್ರೋಸ್ ಬೇರೆ, ಗ್ಲೂಕೋಸ್ ಬೇರೆಯೇ? ಉತ್ತರ ಎಮಿಲ್ ಫಿಶರ್ ಬದುಕಿನಲ್ಲಿದೆ

ಆಸ್ಪತ್ರೆಯಲ್ಲಿ ಡ್ರಿಪ್ ಬಾಟಲಿಯ ಮೇಲೆ ಡೆಕ್ಸ್‌ಟ್ರೋಸ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅದು ಗ್ಲೂಕೋಸ್ ಅಲ್ಲವೇ? ಕಾರ್ಖಾನೆಯ ಗ್ಲೂಕೋಸ್‌ಗೂ ಜೇನಿನಲ್ಲಿರುವ ಗ್ಲೂಕೋಸ್‌ಗೂ ವ್ಯತ್ಯಾಸವಿದೆಯೇ? ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಶರ್ ಅವರ ಕೆಲಸ ತಿಳಿದರೆ ಇವೆರಡಕ್ಕೂ ಉತ್ತರ ಸಿಗುತ್ತದೆ.

ಯಾರಿವರು?

ಫಿಶರ್ ಹುಟ್ಟಿದ್ದು 1852ರ ಅಕ್ಟೋಬರ್ 9ರಂದು, ಕಲೋನ್ ಸಮೀಪದ ಓಯ್ಸ್‌ಕಿರ್ಶೆನ್‌ನಲ್ಲಿ. ಮಗ ಮರದ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆಯಾಗಿತ್ತು. ವ್ಯಾಪಾರ ಅವರ ಕೈ ಹಿಡಿಯಲಿಲ್ಲ, ಓದಿಗೆ ಹೊರಟರು. 1874ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ ಫಿನೈಲ್‌ಹೈಡ್ರಜೀನ್ ಎಂಬ ರಾಸಾಯನಿಕವನ್ನು ಕಂಡುಹಿಡಿದರು.

ಸಕ್ಕರೆಯ ಗುಟ್ಟು

ಸಕ್ಕರೆಗಳು ಪಾಕದಂತೆ ಅಂಟಾಗುತ್ತವೆ, ಶುದ್ಧ ಹರಳಾಗಿ ಬೇರ್ಪಡಿಸುವುದು ಕಷ್ಟ. ಫಿನೈಲ್‌ಹೈಡ್ರಜೀನ್ ಬೆರೆಸಿದರೆ ಹಳದಿ ಹರಳುಗಳು ಸಿಗುತ್ತಿದ್ದವು. ಗ್ಲೂಕೋಸ್, ಫ್ರಕ್ಟೋಸ್, ಮನ್ನೋಸ್ ಮೂರೂ ಒಂದೇ ಹರಳು ಕೊಟ್ಟವು. ಅಂದರೆ ಅವುಗಳ ವ್ಯತ್ಯಾಸವೆಲ್ಲ ಮೊದಲ ಎರಡು ಕಾರ್ಬನ್‌ಗಳಲ್ಲೇ ಇತ್ತು.

ಈ ಮೂರರಲ್ಲೂ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಇವೆ. ಬೇರೆಯಾಗಿರುವುದು ಜೋಡಣೆ ಮಾತ್ರ. ಗ್ಲೂಕೋಸ್ ಮಾದರಿಯ ಸಕ್ಕರೆಗೆ 16 ಜೋಡಣೆಗಳು ಸಾಧ್ಯ. ಅವುಗಳಲ್ಲಿ ಗ್ಲೂಕೋಸ್ ಯಾವುದು ಎಂಬುದನ್ನು ಫಿಶರ್ 1891ರಲ್ಲಿ ತರ್ಕದಿಂದಲೇ ತೋರಿಸಿದರು. ಆದರೆ ಒಂದು ರೂಪ ಮತ್ತು ಅದರ ಕನ್ನಡಿ ಬಿಂಬ, ಇವೆರಡರಲ್ಲಿ ಒಂದನ್ನು ಊಹಿಸಿಯೇ ಆರಿಸಬೇಕಾಯಿತು. ಆ ಊಹೆ ಸರಿ ಎಂದು 1951ರಲ್ಲಿ ಎಕ್ಸ್-ರೇ ಪರೀಕ್ಷೆಯಿಂದ ಖಚಿತವಾಯಿತು.

1902ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ದಾರಿ ತೋರಿಸಿದ ಆ ರಾಸಾಯನಿಕದ ವಿಷವೇ ಅವರ ಆರೋಗ್ಯ ಕೆಡಿಸಿತ್ತು. ಮದುವೆಯಾದ ಏಳೇ ವರ್ಷಕ್ಕೆ ಪತ್ನಿ ತೀರಿಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡರು. 1919ರ ಜುಲೈ 15ರಂದು ಬರ್ಲಿನ್‌ನಲ್ಲಿ ಅವರೂ ನಿಧನರಾದರು.

ಹಾಗಾದರೆ ಸತ್ಯವೇನು?

ಡೆಕ್ಸ್‌ಟ್ರೋಸ್ ಅಂದರೆ ಡಿ-ಗ್ಲೂಕೋಸ್, ಎರಡೂ ಒಂದೇ. ಅದರ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸುವುದರಿಂದ ಡೆಕ್ಸ್‌ಟ್ರೋಸ್ ಎಂಬ ಹೆಸರು ಬಂತು. ಇಲ್ಲಿನ 'ಡಿ' ಅಣುವಿನ ಜೋಡಣೆಯ ಗುರುತು, ವಿಟಮಿನ್ ಡಿ ಅಲ್ಲ.

1890ರಲ್ಲಿ ಫಿಶರ್ ಗ್ಲಿಸರಿನ್‌ನಿಂದ ಆರಂಭಿಸಿ ಪ್ರಯೋಗಾಲಯದಲ್ಲೇ ಗ್ಲೂಕೋಸ್ ತಯಾರಿಸಿದ್ದರು. ಅದು ಹಣ್ಣಿನ ಗ್ಲೂಕೋಸ್‌ನಂತೆಯೇ ಇತ್ತು. ಅಣು ಎಲ್ಲಿಂದ ಬಂತು ಎಂಬುದು ದೇಹಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಜೇನು ನೈಸರ್ಗಿಕ, ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದು ಎಂಬ ಮಾತು ತಪ್ಪು. ಜೇನಿನಲ್ಲಿ ಹೆಚ್ಚಿನ ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್, ಅದೂ ರಕ್ತದ ಸಕ್ಕರೆ ಏರಿಸುತ್ತದೆ. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೆನಪಿಸಿಕೊಳ್ಳಿ.